ಸ್ಕ್ವಾಷಿಗೆ ಒಂದು ಚಿಟಿಕೆ ಹೆಚ್ಚು

ಕಿತ್ತಳೆ ಸ್ಕ್ವಾಷಿನ ಬಾಟಲಿ ತೆರೆದರೆ ಹಣ್ಣಿನ ಪರಿಮಳಕ್ಕಿಂತ ಮೊದಲು ಬೆಂಕಿಕಡ್ಡಿ ಗೀರಿದಂಥ ಒಂದು ವಾಸನೆ ಮೂಗಿಗೆ ಬಡಿಯುತ್ತದೆ, ಗಮನಿಸಿದ್ದೀರಾ? ಅದು ಕೆಡದಿರಲೆಂದು ಹಾಕುವ ಬಿಳಿ ಪುಡಿಯ ವಾಸನೆ. ಇವತ್ತು ಮೊಮ್ಮಗಳ ಉಬ್ಬಸ ನೋಡಿದ ಡಾಕ್ಟರು, ಆ ಪುಡಿ ಕೆಲವು ಉಬ್ಬಸದವರಿಗೆ ಆಗುವುದಿಲ್ಲ, ಕುಡಿದ ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಬಹುದು ಎಂದರು. ಆ ಪುಡಿಯನ್ನು ನಾನು ಮೊದಲು ಕೈಗೆ ತೆಗೆದುಕೊಂಡ ದಿನ ನೆನಪಾಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಭಾಗಮಂಡಲದ ದಾರಿಯ ತೋಟದ ಮನೆಗೆ ಸೊಸೆಯಾಗಿ ಬಂದಿದ್ದೆ. ಸರ್ಕಾರದ ಜೀಪಿನಲ್ಲಿ ಬಂದ ಟೀಚರಮ್ಮ ಹೆಂಗಸರನ್ನೆಲ್ಲ ಕೂರಿಸಿ ಸ್ಕ್ವಾಷ್ ಮಾಡಲು ಕಲಿಸಿದರು. ಪುಡಿ ಅಳತೆ ಮೀರಬಾರದು ಎಂದಿದ್ದರು. ನಾನೋ ಮಹಾ ಜಾಣೆ. ಕೆಟ್ಟರೆ ಮಾನ ಹೋದೀತೆಂದು ಒಂದು ಚಿಟಿಕೆ ಹೆಚ್ಚೇ ಹಾಕುತ್ತಿದ್ದೆ. ಬೇಸಿಗೆ ಬಂದರೂ ನನ್ನ ಬಾಟಲಿಗಳು ಕೆಡುತ್ತಿರಲಿಲ್ಲ. ನೆಂಟರೆಲ್ಲ ಹೊಗಳುವವರೇ.

ಎಲ್ಲರಿಗಿಂತ ಹೆಚ್ಚು ಹೊಗಳಿದವರು ನನ್ನ ಅತ್ತೆ. "ನೀನೇ ಮಾಡಿದ್ದ್ ಮಗಾ, ಇನ್ನೊಂಚೂರು ಕೊಡ್" ಎಂದು ಗ್ಲಾಸು ಚಾಚುತ್ತಿದ್ದರು. ಅವರಿಗೆ ಉಬ್ಬಸ. ಕಾಫಿ ಹೂ ಬಿಡುವ ಬೇಸಿಗೆಗೆ ಸರಿಯಾಗಿ ಎದೆ ಗೊರಗೊರ ಎನ್ನುತ್ತಿತ್ತು. ತೋಟವೆಲ್ಲ ಘಮ್ಮೆನ್ನುವಾಗ ಬೇರೆ ಕಾರಣ ಯಾರು ಹುಡುಕುತ್ತಾರೆ? ಹೂವಿನ ಪರಿಮಳವೇ ಆಗದು ಎಂದು ತೀರ್ಮಾನವಾಯಿತು. ಕೊಂಬೆಯೊಂದು ಮುರಿದರೂ ಕೆಂಡವಾಗುತ್ತಿದ್ದ ಮಾವ, ಅತ್ತೆಯ ಕಿಟಕಿಯ ಪಕ್ಕದ ಮೂರು ಕಾಫಿ ಗಿಡಗಳನ್ನು ಬುಡಸಮೇತ ಕೀಳಿಸಿದರು. ಕಿಟಕಿ ಮುಚ್ಚಿದೆವು. ಮುಚ್ಚಿದ ಕೋಣೆಯ ಸೆಕೆಗೆ ತಂಪಾಗಲೆಂದು ನಾನು ಇನ್ನಷ್ಟು ಸ್ಕ್ವಾಷ್ ಕೊಟ್ಟೆ.

ಕೊನೆಗೆ ಅತ್ತೆಯನ್ನು ಕಾಫಿಯೇ ಇಲ್ಲದ ಶಿರಂಗಾಲಕ್ಕೆ, ಅವರ ತಂಗಿಯ ಮನೆಗೆ ಕಳಿಸಿದೆವು. ಎರಡೇ ದಿನಕ್ಕೆ ಉಬ್ಬಸ ಇಳಿಯಿತು. ಹೂವಿನ ಅಪರಾಧಕ್ಕೆ ಇನ್ನೇನು ಸಾಕ್ಷಿ ಬೇಕಿತ್ತು? ಖುಷಿಯಾಗಿ, ಬಸ್ಸಿನ ಕಂಡಕ್ಟರ ಕೈಯಲ್ಲಿ ಎರಡು ಬಾಟಲಿ ಕಳಿಸಿದೆ. ವಾರ ಕಳೆದು ಅತ್ತೆ ಬರೆಸಿದ ಕಾಗದ ಬಂತು.

"ಗಾಳಿಲಿ ಇಲ್ಲಿಗೂ ಹೂವಿನ ಪರಿಮಳ ಬಂದುಟ್ಟು ಮಗಾ. ಉಸ್ರು ಎಳೆಯಕ್ಕೆ ಆಗ್ತಿಲ್ಲೆ. ನಿನ್ನ ಸ್ಕ್ವಾಷ್ ಉಟ್ಟಲ್ಲ, ಅದರ್ಲೇ ದಿನ ಕಳೀತೊಳೆ."

ಆ ಬೇಸಿಗೆಯನ್ನು ಅತ್ತೆ ದಾಟಲಿಲ್ಲ.

ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅಷ್ಟು ಹಿಂದಿನದನ್ನು ಈಗ ಹೇಗೆ ಹೇಳಲಿ, ಇರಬಹುದು, ಇಲ್ಲದಿರಬಹುದು ಎಂದರು. ಒಳ್ಳೆಯ ಮನುಷ್ಯ. ನಾನು ಮಾತ್ರ ದಾರಿಯುದ್ದಕ್ಕೂ ಅತ್ತೆಗೆ ಕೊಟ್ಟ ಗ್ಲಾಸುಗಳನ್ನು ಎಣಿಸುತ್ತಾ ಬಂದೆ.

ಮನೆ ತಲುಪಿದ್ದೇ ಮೊಮ್ಮಗಳು ಕಪಾಟಿನಿಂದ ನನ್ನ ಬಾಟಲಿ ತೆಗೆದು, ಅತ್ತೆಯ ಹಾಗೆಯೇ ಗ್ಲಾಸು ಚಾಚಿದಳು.

"ಬೊತ್ತು ಮಗಾ" ಎಂದೆ. ಬೇಡ ಎಂಬುದು ಅತ್ತೆಗೆ ಒಮ್ಮೆಯೂ ಹೇಳದ ಮಾತು. ಬಾಟಲಿಯನ್ನು ಬಚ್ಚಲಿಗೆ ಸುರಿದಾಗ ಬೆಂಕಿಕಡ್ಡಿಯ ವಾಸನೆ ಎದ್ದಿತು. ಅದು ಹೋಗಲೆಂದು ಅತ್ತೆಯ ಕೋಣೆಯ ಕಿಟಕಿ ತೆರೆದೆ. ಮೂರು ಗಿಡ ಕಿತ್ತ ಜಾಗ ಇಂದಿಗೂ ಖಾಲಿಯಿದೆ. ಅದರಾಚೆ ತೋಟವೆಲ್ಲ ಹೂವು.