ಡಾಕ್ಟರ್ ಕಾಕಾ ಮತ್ತು ನನ್ನ ಮೊದಲ ರೈಫಲ್

ಕಿಂಗ್ಸ್‌ಬರಿಯ ಅಂಗಡಿಯೊಂದರಲ್ಲಿ ಹೊಲಿಗೆ ಯಂತ್ರ ರಿಪೇರಿಗೆ ಕೊಟ್ಟಿದ್ದೆ. ತರಲು ಹೋದಾಗ ಅಂಗಡಿಯವರು ಅದನ್ನು ಮೇಜಿನ ಮೇಲಿಟ್ಟು ಚಕ್ರ ತಿರುಗಿಸಿ ತೋರಿಸಿದರು. ಆಗ ಎಣ್ಣೆಯ ವಾಸನೆ ಬಂತು. ತೆಳು ಎಣ್ಣೆ, ಒರೆಸಿದ ಕಬ್ಬಿಣ, ಹಳೆ ಬಟ್ಟೆ, ಮೂರೂ ಬೆರೆತ ವಾಸನೆ. "ಈಗ ಸದ್ದೇ ಇಲ್ಲ ನೋಡಿ" ಎಂದು ಅವರು ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಮನಸ್ಸಿನಲ್ಲಿ ಮತ್ತೆ ಸ್ಟ್ಯಾನ್ಮೋರ್‌ನ ಒಂದು ಗ್ಯಾರೇಜಿನ ಬಾಗಿಲ ಮುಂದೆ ನಿಂತಿದ್ದೆ, ಬಾಗಿಲು ತಟ್ಟಲು ಕೈ ಎತ್ತಿ...

ಡಾಕ್ಟರ್ ಕಾಕಾ ಅವರನ್ನು ನಾನು ಮೊದಲು ನೋಡಿದ್ದು ಯುಗಾದಿ ಊಟದಲ್ಲಿ. ಬಾಡಿಗೆ ಹಾಲ್, ಪ್ಲಾಸ್ಟಿಕ್ ಬಾಳೆಲೆ, ಮಕ್ಕಳ ಇಂಗ್ಲಿಷ್ ಗಲಾಟೆ. ಪಕ್ಕದವರ ಹತ್ತಿರ ನಾನು ಮೈಸೂರಿನ ಕಾಲೇಜು ದಿನಗಳಲ್ಲಿ ಎನ್‌ಸಿಸಿಯಲ್ಲಿ ರೈಫಲ್ ಹೊಡೆಯುತ್ತಿದ್ದೆ, ಇಲ್ಲಿ ಮತ್ತೆ ಶುರು ಮಾಡಬೇಕು ಅಂತ ಆಸೆ ಎಂದು ಹೇಳುತ್ತಿದ್ದೆ. ಎದುರು ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದ ಎತ್ತರದ ಹಿರಿಯರೊಬ್ಬರು ಎಲೆ ಸಮೇತ ಎದ್ದು ಬಂದು ನನ್ನ ಪಕ್ಕ ಕುಳಿತರು.

"ಖರೇನ ರೈಫಲ್ ಹಿಡದೀಯೇನ ತಂಗಿ?"

"ಹೌದು ಅಂಕಲ್."

"ಅಂಕಲ್ ಗಿಂಕಲ್ ಅನಬ್ಯಾಡ. ಕಾಕಾ ಅನ್ನು. ಎಷ್ಟು ದೂರಕ್ಕ ಹೊಡದೀ?"

ಅವರು ಧಾರವಾಡದವರು. ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರಾಗಿ ದುಡಿದು ನಿವೃತ್ತರಾಗಿದ್ದರು. ಜೀವಮಾನವಿಡೀ ಮಲಗಿದವರ ಉಸಿರು ಕಾಯ್ದವರು. ಹೆಂಡತಿ ಕಾಕೂ ಜೊತೆ ಸ್ಟ್ಯಾನ್ಮೋರ್‌ನಲ್ಲಿ ಇದ್ದರು. ಭಾನುವಾರಗಳಲ್ಲಿ ಸರ್ರೆಯ ರೇಂಜಿಗೆ ಹೋಗಿ ದೂರದ ಕಾಗದದ ಗುರಿಗೆ ಹೊಡೆಯುತ್ತಿದ್ದರು. ಹರ್ಟ್‌ಫರ್ಡ್‌ಶೈರ್ ಕಡೆ ಒಬ್ಬ ರೈತರ ಜಮೀನಿನಲ್ಲಿ ಪೈರು ತಿನ್ನುವ ಮೊಲಗಳನ್ನೂ ಕುರಿಮರಿ ಹೊತ್ತೊಯ್ಯುವ ನರಿಗಳನ್ನೂ ಹೊಡೆಯಲು ಅವರಿಗೆ ಅನುಮತಿ ಇತ್ತು. ಮನೆಯಲ್ಲಿ ಮೊಟ್ಟೆಯೂ ಬೇಯದು. "ಹೊಡದದ್ದನ್ನ ಅಲ್ಲೇ ರೈತಗ ಕೊಟ್ಟು ಬರ್ರಿ, ಹೊಸಲ ದಾಟಿಸಬ್ಯಾಡ್ರಿ" ಎಂದು ಕಾಕೂ ಕಟ್ಟಪ್ಪಣೆ ಮಾಡಿದ್ದರಂತೆ.

ಅವರ ರೈಫಲ್ ಕ್ಲಬ್ಬಿಗೇ ನಾನು ಸೇರಿದೆ. ಹೊಸಬರಾಗಿ ತಿಂಗಳುಗಟ್ಟಲೆ ಕ್ಲಬ್ಬಿನ ರೈಫಲಿನಲ್ಲೇ ಅಭ್ಯಾಸ. ಆಮೇಲೆ ಲೈಸೆನ್ಸಿಗೆ ಅರ್ಜಿ, ಕುಟುಂಬ ವೈದ್ಯರಾದ ಜಿಪಿಯ ವರದಿ, ಪೊಲೀಸರು ಮನೆಗೆ ಬಂದು ಗೋಡೆಗೆ ಬಿಗಿದ ಕಬ್ಬಿಣದ ಕಪಾಟನ್ನು ಅಲ್ಲಾಡಿಸಿ ನೋಡಿದ್ದು... "ಟೆನಿಸ್ ಆಡಿದ್ರೆ ಸಾಕಾಗಿತ್ತಲ್ವಾ?" ಎಂದು ನನ್ನ ಗಂಡ ಕೇಳಿದ್ದ. ಕೊನೆಗೆ ಲೈಸೆನ್ಸ್ ಬಂತು. ಇನ್ನು ರೈಫಲ್ ಆರಿಸಬೇಕು. ಕ್ವೀನ್ಸ್‌ಬರಿಯ ಫ್ಲಾಟಿನ ಸಾಲ, ಮಗಳ ಶಾಲೆ ಎಲ್ಲ ಕಳೆದು ಉಳಿದದ್ದರಲ್ಲಿ ದೂರದ ಗುರಿಗೂ ಆಗಬೇಕು, ಹೊಲದ ಮೊಲಕ್ಕೂ ಆಗಬೇಕು.

ನಾನು ವಿಡಿಯೋಗಳನ್ನು ನೋಡಿ ಏನೇನೋ ಮನಸ್ಸಿಗೆ ಹಚ್ಚಿಕೊಂಡಿದ್ದೆ. ಮೈಲಿ ದೂರ ಹೊಡೆಯುವ ದಪ್ಪ ಗುಂಡಿನ ರೈಫಲ್, ಕಪ್ಪು ಹಿಡಿ, ಅಲ್ಲಲ್ಲಿ ಸ್ಕ್ರೂ. ಕಾಕಾ ತಲೆಯಾಡಿಸಿದರು.

"ಮದಲನೇದಕ್ಕ ಟೂ ಟೂ ತ್ರೀ ಸಾಕು. ಸಣ್ಣ ಗುಂಡು, ಹೆಗಲಿಗೆ ಒದಿಯೂದಿಲ್ಲ, ತುಟ್ಟೀನೂ ಅಲ್ಲ. ಹೆಚ್ಚು ಹೊಡೀತಿ, ಹೆಚ್ಚು ಕಲೀತಿ. ನಳಗಿ ದಪ್ಪ ಇರ್ಲಿ, ಬಿಸಿ ಆದ್ರೂ ಗುರಿ ಹಾರೂದಿಲ್ಲ. ಸೆಕೆಂಡ್ ಹ್ಯಾಂಡ್ ತಗೋ. ಉಳದ ರೊಕ್ಕ ದುರ್ಬೀನಕ್ಕ ಹಾಕು. ಕಾಣದ್ದನ್ನ ಯಾ ರೈಫಲ್ಲೂ ಹೊಡಿಯೂದಿಲ್ಲ."

ಹರ್ಟ್‌ಫರ್ಡ್‌ಶೈರ್‌ನ ಒಂದು ಸಣ್ಣ ಬಂದೂಕಿನ ಅಂಗಡಿಗೆ ಕರೆದುಕೊಂಡು ಹೋದರು. ಗೋಡೆಯಿಂದ ಯಾವ ರೈಫಲ್ ತೆಗೆದುಕೊಟ್ಟರೂ ಅವರ ಮೊದಲ ಕೆಲಸ ಒಂದೇ. ಬೋಲ್ಟಿನ ಹಿಡಿಕೆ ಹಿಂದಕ್ಕೆಳೆದು, ಗುಂಡು ಕೂರುವ ಜಾಗ ಖಾಲಿ ಇದೆಯೇ ಎಂದು ನೋಡಿ, ಆಮೇಲೆ ಕಿರುಬೆರಳು ತೂರಿಸಿ ಮುಟ್ಟಿ ನೋಡುವುದು. "ಕಣ್ಣು ಅವಸರದಾಗ ಸುಳ್ಳು ಹೇಳ್ತಾವು, ಬೆರಳು ಹೇಳೂದಿಲ್ಲ" ಎನ್ನುತ್ತಿದ್ದರು. ಎರಡು ರೈಫಲ್ ಒಪ್ಪಿಗೆಯಾದವು. ಒಂದು ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದರ ಮರದ ಹಿಡಿಯ ಮೇಲೆ ಉದ್ದನೆಯ ಗೀರು. "ಅವಸರ ಮಾಡಬ್ಯಾಡ. ಶನಿವಾರ ಹೊಲಕ್ಕ ಬಾ. ನನ್ನದೂ ಅದಽ ಗುಂಡಿಂದು. ಹೊಡದು ನೋಡಿ ಆಮ್ಯಾಲ ಹೇಳು" ಎಂದರು.

ಆ ಶನಿವಾರ...

ಮಧ್ಯಾಹ್ನ ಮೋಡ ಇತ್ತು, ಗಾಳಿ ಇರಲಿಲ್ಲ. ಹೊಲದ ಅಂಚಿನ ಮಣ್ಣುದಿಬ್ಬಕ್ಕೆ ಒತ್ತಿ ಕಾಗದದ ಗುರಿ ನಿಲ್ಲಿಸಿದರು. ನಾನು ಹುಲ್ಲಿನ ಮೇಲೆ ಚಾಪೆ ಹಾಸಿ ಮಲಗಿ ಹೊಡೆದೆ. ರೈಫಲ್ ನಿಜವಾಗಿಯೂ ಹೆಗಲಿಗೆ ಒದೆಯಲಿಲ್ಲ. ಗುಂಡುಗಳು ಒಂದರ ಪಕ್ಕ ಒಂದು ಬಿದ್ದದ್ದು ಕಂಡು ನನಗೇ ನಗು ಬಂತು. ಆಮೇಲೆ ಅವರು ಮಲಗಿ ಬೇಲಿ ಪಕ್ಕದ ಮೊಲವೊಂದಕ್ಕೆ ಹೊಡೆದರು. ತಪ್ಪಿತು. ಅವರ ಗುರಿ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಗೇಟಿನ ಕಡೆಯಿಂದ ರೈತರು ನಾಯಿ ಜೊತೆ ನಡೆದು ಬಂದರು. ಕಾಕಾ ಎದ್ದು ರೈಫಲ್ ಎತ್ತಿಕೊಂಡು "ಖಾಲಿ ಐತಿ, ಹಿಡಿ" ಎಂದು ನನ್ನ ಕಡೆ ಚಾಚಿದರು. ಚಾಚುವಾಗ ನಳಿಗೆಯ ತುದಿ ರೈತರ ಎದೆಯ ಮೇಲಿಂದ ನಿಧಾನವಾಗಿ ಹಾದು ಹೋಯಿತು. ನಾನು ಹಿಡಿದುಕೊಂಡೆ, ತುದಿಯನ್ನು ನೆಲಕ್ಕೆ ತಿರುಗಿಸಿ ಬೋಲ್ಟ್ ಎಳೆದೆ. ಹಿತ್ತಾಳೆಯದೊಂದು ಹಾರಿ ಹುಲ್ಲಿಗೆ ಬಿತ್ತು. ಹೊಡೆದ ಮೇಲೆ ಉಳಿಯುವ ಖಾಲಿ ಕೋಶವಲ್ಲ. ತುದಿಯಲ್ಲಿ ಗುಂಡು ಇದ್ದದ್ದು.

ರೈತರು ನಾಯಿಯನ್ನು ಕರೆಯಲು ಆ ಕಡೆ ತಿರುಗಿದ್ದರು. ಅವರಿಗೆ ಏನೂ ಕಾಣಲಿಲ್ಲ. ಕಂಡದ್ದು ನಮ್ಮಿಬ್ಬರಿಗೇ. ಕಾಕಾ ಹುಲ್ಲಿನಲ್ಲಿ ಬಿದ್ದದ್ದನ್ನೇ ನೋಡುತ್ತ ನಿಂತರು, ಬೇರೆ ಯಾರದ್ದೋ ವಸ್ತು ತಮ್ಮ ಜೇಬಿನಿಂದ ಬಿದ್ದ ಹಾಗೆ. ಆಮೇಲೆ ಬಗ್ಗಿ ಎತ್ತಿಕೊಂಡು ರೈತರ ಹತ್ತಿರ ಮಳೆಯ ವಿಷಯ ಮಾತಾಡಿದರು. 

ವಾಪಸ್ ಬರುವಾಗ ಕಾರು ನಾನು ಓಡಿಸುತ್ತೇನೆ ಎಂದೆ. ಕೊಡಲಿಲ್ಲ. ಮೊದಲ ವೃತ್ತದಲ್ಲಿ ಯಾವ ಕಡೆ ಹೊರಳಬೇಕೆಂದು ತೋಚದೆ ಸುಮ್ಮನೆ ಸುತ್ತಿದರು. ಮತ್ತೊಂದು ಸುತ್ತು. ಹಿಂದಿನ ಕಾರು ಹಾರ್ನ್ ಹೊಡೆಯಿತು. ವರ್ಷಗಟ್ಟಲೆ ಓಡಾಡಿದ ದಾರಿ ಅದು.

"ಎಡಕ್ಕೆ ಕಾಕಾ" ಎಂದೆ. ಹೊರಳಿದರು. ಸ್ವಲ್ಪ ದೂರ ಹೋದ ಮೇಲೆ ಕೇಳಿಯೇಬಿಟ್ಟೆ. "ಇದು ಮೊದಲನೇ ಸಲಾನಾ ಕಾಕಾ?"

"ಯಾವುದು?"

"ಖಾಲಿ ಅಂದ್ರಿ. ಗುಂಡಿತ್ತು."

ಅವರ ಕೈ ಸ್ಟೀರಿಂಗ್ ಮೇಲೆ ಬಿಗಿಯಾಯಿತು. "ನಿನ್ನೆ ಮೊನ್ನೆ ರೈಫಲ್ ಹಿಡದಾಕಿ ನೀ ನನಗ ಕಲಸ್ತೀಯೇನ?"

ಅವರು ಅಷ್ಟು ಒರಟಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.  ಕಣ್ಣ ಮುಂದೆ ಇದ್ದದ್ದು ರೈತರ ಎದೆ, ಅದರ ಮೇಲೆ ಹಾದುಹೋದ ನಳಿಗೆ. ಮನೆ ತಲುಪಿದಾಗ ಗ್ಯಾರೇಜಿನವರೆಗೂ ಹಿಂದೆಯೇ ಹೋದೆ. ರೈಫಲ್ ಕಪಾಟಿನೊಳಗೆ ಸೇರಿ ಬೀಗ ಬೀಳುವ ತನಕ ನಿಂತೆ. ಆಮೇಲೆ ಹೇಳಿದೆ.

"ಕಾಕಾ, ನೀವೇ ಹೇಳಬೇಕು. ಜಿಪಿಗೂ ಪೊಲೀಸರಿಗೂ. ನೀವು ಹೇಳದೇ ಇದ್ರೆ ಈ ವಾರದಲ್ಲಿ ನಾನೇ ಫೋನ್ ಮಾಡ್ತೀನಿ. ನಿಮ್ಮ ಬೆನ್ನ ಹಿಂದೆ ಮಾಡಬಾರದು ಅಂತ ಈಗಲೇ ಹೇಳ್ತಿದೀನಿ."

"ಹೋಗು ಇನ್ನ" ಎಂದರು, ನನ್ನ ಮುಖ ನೋಡದೆ.

ಫೋನ್ ಮಾಡಿದರೆ ಏನೇನು ಹೋಗುತ್ತದೆ ಎಂದು ಗೊತ್ತಿತ್ತು. ರೈಫಲ್ ಹೋಗುತ್ತದೆ, ಅದರ ಬೆನ್ನಿಗೆ ಬಹುಶಃ ಕಾರೂ. ಭಾನುವಾರಗಳು, ಗೆಳೆಯರು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮರೆವಿಗೊಂದು ರೋಗದ ಹೆಸರು ಬೀಳುತ್ತದೆ. ಕಾಕೂಗೆ ಏನಾದರೂ ಗೊತ್ತಿತ್ತೋ ಇಲ್ಲವೋ... ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬುಧವಾರ ಬೆಳಿಗ್ಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಕಾಕೂ ಫೋನು.

"ತಂಗೀ, ನಿಮ್ಮ ಕಾಕಾ ಗ್ಯಾರೇಜಿನಾಗ ಬಾಗಲಾ ಹಾಕ್ಕೊಂಡು ಕುಂತಾರ. ಛಾ ಆರಿ ಹೋತು. ಕರದ್ರ ಓ ಅನವಲ್ರು. ನೀ ಏನರೆ ಅಂದೀಯೇನವಾ?"

ಲ್ಯಾಪ್‌ಟಾಪ್ ತೆರೆದಿದ್ದಂತೆಯೇ ಬಿಟ್ಟು ಓಡಿದೆ. ಕ್ವೀನ್ಸ್‌ಬರಿಯಿಂದ ಸ್ಟ್ಯಾನ್ಮೋರ್ ಎಷ್ಟು ಮಹಾ ದೂರ. ಆದರೆ ಅವತ್ತು ಹನಿಪಾಟ್ ಲೇನಿನ ಸಿಗ್ನಲ್‌ಗಳೆಲ್ಲ ನನಗಾಗಿಯೇ ಕೆಂಪಾದಂತಿತ್ತು. ಮನಸ್ಸು ಹೋಗಬಾರದ ಕಡೆಗೆಲ್ಲ ಹೋಗಿ ಬಂತು. ಕಾಕೂ ಗ್ಯಾರೇಜಿನ ಮುಂದೆ ಸೆರಗು ಬಾಯಿಗೊತ್ತಿ ನಿಂತಿದ್ದರು. ಕೈ ಎತ್ತಿದೆ, ತಟ್ಟಲು ಧೈರ್ಯ ಸಾಲಲಿಲ್ಲ. ಒಳಗೆ ಲೋಹಕ್ಕೆ ಲೋಹ ತಾಗಿದ ಸಣ್ಣ ಸದ್ದು. ತಟ್ಟಿದೆ.

"ಕಾಕಾ, ನಾನು."

ಮತ್ತೆ ತಟ್ಟಿದೆ.

"ಕಾಕಾ, ಬಾಗಿಲು ತೆಗೀರಿ. ಕಾಕೂ ಇಲ್ಲೇ ನಿಂತಿದಾರೆ."

ಚಿಲಕ ಸರಿಯಿತು. ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಮೇಜಿನ ಮೇಲೆ ಹಳೆಯ ಪಂಚೆಯ ತುಂಡು ಹಾಸಿ ರೈಫಲನ್ನು ಬಿಚ್ಚಿಟ್ಟಿದ್ದರು. ಬೋಲ್ಟ್ ಬೇರೆ, ದುರ್ಬೀನು ಬೇರೆ. ಅವರ ಕೈ ತುಂಬಾ ಮಸಿ. ನಮ್ಮಿಬ್ಬರ ಮುಖ ನೋಡಿದ ಮೇಲೆ ಅವರಿಗೆ ಅರ್ಥವಾಯಿತು.

"ಹುಚ್ಚರು ನೀವು" ಎಂದರು ಮೆಲ್ಲಗೆ. "ಹಂಗೇನ ಮಾಡ್ಕೊಳ್ಳಾವಲ್ಲ ನಾ. ಪೊಲೀಸರಿಗೆ ಫೋನ್ ಮಾಡೀನಿ. ಇವತ್ತ ಬರ್ತಾರಂತ. ಹೊಲಸು ರೈಫಲ್ ಹೆಂಗ ಕೊಡೂದು ಅಂತ ಒರಸಾಕತ್ತಿದ್ದೆ."

ಕಾಕೂ ಅಲ್ಲೇ ಇದ್ದ ತಗಡಿನ ಡಬ್ಬದ ಮೇಲೆ ಕುಸಿದು ಕುಳಿತು ಅತ್ತರು. ಅವರಿಗೂ ಗೊತ್ತಿತ್ತು. ಒಲೆ ಹಚ್ಚಿ ಮರೆತದ್ದು, ಒಂದೇ ಮಾತು ಎರಡು ಸಲ ಕೇಳಿದ್ದು, ಎಲ್ಲವನ್ನೂ ಒಬ್ಬರೇ ಒಳಗಿಟ್ಟುಕೊಂಡಿದ್ದರು.

ಕಾಕಾ ಬೋಲ್ಟ್ ಜೋಡಿಸಿ ರೈಫಲನ್ನು ನನ್ನ ಮುಂದಿಟ್ಟು "ನೀ ನೋಡು" ಎಂದರು. ಬೆರಳಿಟ್ಟು ನೋಡಿದೆ. ಖಾಲಿ ಇತ್ತು. "ಖಾಲಿ ಇದೆ ಕಾಕಾ" ಎಂದೆ. ಅವರು ಉಸಿರು ಬಿಟ್ಟರು.

"ಆಪರೇಶನ್ ಥಿಯೇಟರಿನಾಗ ಒಮ್ಮೆ ಜೂನಿಯರ್ ಹುಡುಗಿ ಒಬ್ಬಾಕಿ ನನ್ನ ಕೈ ಹಿಡದು ನಿಂದರಿಸಿದ್ದಳು. ತಪ್ಪು ಸಿರಿಂಜ್ ಎತ್ತಿದ್ದೆ. ಎಲ್ಲಾರ ಮುಂದ ಹಿಡದಳು. ಸಿಟ್ಟು ಬಂದಿತ್ತು. ಸಂಜಿಕ್ಕ ಆಕೀನ ಹುಡುಕ್ಕೊಂಡು ಹೋಗಿ ಥ್ಯಾಂಕ್ಸ್ ಹೇಳಿ ಬಂದೆ." ಮಸಿ ಕೈಯನ್ನು ಪಂಚೆಯ ತುಂಡಿಗೆ ಒರೆಸಿಕೊಂಡು, "ಈ ಸಲ ನಾಕ ದಿನ ಹಿಡೀತು" ಎಂದರು.

ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಕಾಕೂ ಅವರಿಗೂ ಚಹಾ, ಹಚ್ಚಿದ ಅವಲಕ್ಕಿ ಕೊಟ್ಟರು. ಅವರಲ್ಲಿ ಹಿರಿಯವನು ರೈಫಲ್ ಕೈಗೆತ್ತಿಕೊಂಡು ಇಷ್ಟು ಚೆನ್ನಾಗಿ ಇಟ್ಟುಕೊಂಡದ್ದನ್ನು ಅಪರೂಪಕ್ಕೆ ನೋಡುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಅದನ್ನು ನಾನೇ ಕೊಳ್ಳಬಹುದಿತ್ತು. ನನ್ನ ಲೈಸೆನ್ಸಿಗೆ ಒಪ್ಪುವ ಗುಂಡು, ನನ್ನ ಕೈಗೆ ಆಗಲೇ ಒಗ್ಗಿದ ಹಿಡಿ. ಕೇಳಿಯೂ ನೋಡಿದೆ. ಕಾಕಾ ಕೂಡಲೇ ತಲೆಯಾಡಿಸಿದರು. "ಬ್ಯಾಡ. ಅದು ನಿನ್ನ ಮನ್ಯಾಗ ಐತಿ ಅಂದ್ರ ನೋಡಾಕ ಬರ್ತೀನಿ. ನೋಡಿದ್ರ ಕೈ ಹಾಕ್ತೀನಿ."

ಮುಂದಿನ ವಾರ ಆ ಅಂಗಡಿಗೆ ನನ್ನ ಕಾರಿನಲ್ಲಿ ಹೋದೆವು. ಈ ಸಲ ಅವರು ಕುರ್ಚಿಯಲ್ಲಿ ಕುಳಿತರು, ಒಂದನ್ನೂ ಮುಟ್ಟಲಿಲ್ಲ. ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದೆ. ಹೊಳೆಯುತ್ತಿದ್ದ ರೈಫಲಿನ ಒಳಗೆ ಗುಂಡು ಹೊರಡುವ ಕಡೆ ಬಿಸಿಗೆ ಸವೆದು ಒರಟಾಗಿತ್ತು. ಗೀರು ಬಿದ್ದಿದ್ದರ ಒಳಗೆ ಗಾಜಿನ ನುಣುಪು. ಗೀರಿನದೇ ಇರಲಿ ಎಂದೆ. "ಇನ್ನ ನಂದೇನೂ ಕೆಲಸಿಲ್ಲ" ಎಂದು ನಕ್ಕರು. ಅಂಗಡಿಯವನಿಗೂ ಕೇಳಿಸಿತು, ಕನ್ನಡ ತಿಳಿಯದಿದ್ದರೂ ಅವನೂ ನಕ್ಕ.

ಆಮೇಲೂ ಕೆಲವು ಕಾಲ ಭಾನುವಾರಗಳಲ್ಲಿ ರೇಂಜಿಗೆ ಬರುತ್ತಿದ್ದರು. ನನ್ನ ಹಿಂದೆ ಮಡಚುವ ಕುರ್ಚಿ ಹಾಕಿಕೊಂಡು, ದೊಡ್ಡ ದುರ್ಬೀನಿಗೆ ಕಣ್ಣಿಟ್ಟು "ಗಾಳಿ ಎಡಕ್ಕ ಹೊಂಟೈತಿ, ತಡಿ... ತಡಿ... ಹ್ಞಾಂ, ಈಗ" ಎನ್ನುತ್ತಿದ್ದರು. ಬರಬರುತ್ತ ಗಾಳಿಯ ದಿಕ್ಕು ತಪ್ಪಾಗಿ ಹೇಳತೊಡಗಿದರು. ಅವರು ಹೇಳಿದಂತೆಯೇ ಹೊಡೆಯುತ್ತಿದ್ದೆ. ಗುರಿ ತಪ್ಪುತ್ತಿತ್ತು. ತಪ್ಪಲಿ. ಆಮೇಲೆ ಒಂದು ಚಳಿಗಾಲ, ಬರುವುದೂ ನಿಂತಿತು.

ಕೊನೆಯ ಸಲ ನೋಡಲು ಹೋದಾಗ ಕಿಟಕಿ ಪಕ್ಕ ಕಂಬಳಿ ಹೊದ್ದು ಕುಳಿತಿದ್ದರು. "ಯಾರ ಬಂದಾರ ನೋಡ್ರಿ" ಎಂದರು ಕಾಕೂ. ನನ್ನ ಗುರುತು ಸಿಗಲಿಲ್ಲ. ಆದರೆ ನನ್ನ ಮುಖದಲ್ಲಿ ಏನು ಕಂಡಿತೋ, ಮೆಲ್ಲಗೆ ನನ್ನ ಮುಂಗೈ ಹಿಡಿದು ನಾಡಿ ನೋಡಿದರು. ಬಹಳ ಹೊತ್ತು ನೋಡಿದರು.

"ಹೆದರಬ್ಯಾಡ್ರಿ" ಎಂದರು. "ನೀವು ಏಳೂತನಕಾ ನಾ ಇಲ್ಲೇ ಇರ್ತೀನಿ."

ಅವರು ಹೋಗಿ ಎರಡು ಚಳಿಗಾಲ ಕಳೆಯಿತು. ಕಾಕೂ ಲೀಡ್ಸ್‌ನಲ್ಲಿರುವ ಮಗಳ ಮನೆಗೆ ಹೋದರು. ನಾನು ಈಗಲೂ ಬಿಡುವಾದಾಗ ಸರ್ರೆಗೆ ಹೋಗುತ್ತೇನೆ. ದೂರದ ಗುರಿಯ ಮಧ್ಯಕ್ಕೆ ಗುಂಡು ಬಿದ್ದಾಗ ಹಿಂದಿರುಗಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಯಾರೋ ಅಪರಿಚಿತರು ತಮ್ಮ ಸರದಿಗೆ ಕಾಯುತ್ತ ನಿಂತಿರುತ್ತಾರೆ. ನಾನು ಚಾಪೆ ಸುತ್ತಿಕೊಂಡು ಜಾಗ ಬಿಟ್ಟುಕೊಡುತ್ತೇನೆ.