ಒಂದನೆಯ ಸೇತುವೆಯ ಬಾಟಲಿ

ನಮ್ಮ ನೀರು ಪರೀಕ್ಷಾಲಯದಲ್ಲಿ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಉಳಿದಂತೆ ಎಲ್ಲರಿಗೂ ಆಕೆ ಗಂಟಕ್ಕ. ಮುಖ ಗಂಟು ಹಾಕಿಕೊಂಡಿರುತ್ತಾರೆ ಎಂದು ಬಂದ ಹೆಸರಲ್ಲ ಅದು. ಹಾಗಿದ್ದರೆ ನನಗೆ ಸಲ್ಲಬೇಕಿತ್ತು. ಇಲ್ಲಿ ವರದಿ ಟೈಪು ಮಾಡುವವನು ನಾನು, ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಆಕೆಗೆ ಹೆಸರು ಬಂದದ್ದು ದಾರದಿಂದ.

ನಮ್ಮ ಊರಿನ ನದಿಗೆ ಐದು ಸೇತುವೆಗಳು. ವಾರಕ್ಕೊಮ್ಮೆ ಗಂಟಕ್ಕ ಮೊಣಕಾಲುದ್ದದ ರಬ್ಬರ್ ಬೂಟು ಏರಿಸಿಕೊಂಡು ಐದೂ ಕಡೆ ಹಗ್ಗ ಇಳಿಬಿಟ್ಟು ಬಾಟಲಿ ತುಂಬಿಸಿ ತರುತ್ತಾರೆ. ಬಾಟಲಿ ನೀರಿಗಿಳಿಯುವ ಮೊದಲೇ ಅದರ ಕತ್ತಿಗೊಂದು ದಾರ ಕಟ್ಟಿ, ಒಂದನೆಯ ಸೇತುವೆಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಹಾಕುತ್ತಾರೆ. ಚೀಟಿ ಯಾಕೆ ಸಾಲದು ಎಂದು ಒಮ್ಮೆ ಕೇಳಿದ್ದೆ. "ಚೀಟಿ ಒದ್ದೆಯಾದ್ರೆ ಕಿತ್ಕೊಂಡು ಹೋಗುತ್ತೆ ಅಣ್ಣ. ನಾನು ಹಾಕಿದ ಗಂಟು ಬಿಚ್ಚೋಕೆ ನಮ್ಮತ್ತೆಗೂ ಆಗಿಲ್ಲ" ಎಂದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಬಾಟಲಿಯೂ ಆಕೆಯ ಕೈಯಲ್ಲಿ ಅದಲುಬದಲಾಗಿಲ್ಲ.

ತಂದ ನೀರನ್ನು ಒಳಗಿನ ಕೋಣೆಯಲ್ಲಿ ಗಾಜಿನ ತಟ್ಟೆಗಳ ಮೇಲೆ ಹರಡಿ, ರೋಗಾಣು ಬೆಳೆಯಲು ಬಿಡುತ್ತಾರೆ. ತಟ್ಟೆಯ ಮೇಲೆ ನಾಲ್ಕು ಪುಟ್ಟ ಕಾಗದದ ಬಿಲ್ಲೆಗಳು, ಒಂದೊಂದರಲ್ಲೂ ಒಂದೊಂದು ಔಷಧಿ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡನೆಯ ಬಯಲು ಉಳಿಯುತ್ತದೆ. ಮಾಡದಿದ್ದರೆ ರೋಗಾಣು ಬಿಲ್ಲೆಯ ಅಂಚಿನವರೆಗೂ ಬಂದು ಕೂರುತ್ತದೆ. ಆಸ್ಪತ್ರೆಯ ಮತ್ತು ಔಷಧಿ ಕಾರ್ಖಾನೆಯ ಮೋರಿಗಳು ನದಿಗೆ ಸೇರಿದ ನಂತರ ಬರುವ ಐದನೆಯ ಸೇತುವೆಯಲ್ಲಿ ಬಯಲೇ ಇರುವುದಿಲ್ಲ. ಇವೆರಡಕ್ಕೂ ಮೇಲಿರುವ ಒಂದನೆಯ ಸೇತುವೆಯಲ್ಲಿ ನಾಲ್ಕಕ್ಕೆ ನಾಲ್ಕೂ ಬಯಲು. "ಇವು ಪೈಲ್ವಾನರಿದ್ದ ಹಾಗೆ ಅಣ್ಣ. ಒಂದು ಕಲಿತ ಪಟ್ಟನ್ನ ಪಕ್ಕದಲ್ಲಿ ತೇಲಿ ಬಂದಿದ್ದಕ್ಕೂ ಹೇಳಿಕೊಡುತ್ತೆ. ಆಮೇಲೆ ಯಾವ ಮಾತ್ರೆಗೂ ಬಗ್ಗಲ್ಲ" ಎಂದು ಗಂಟಕ್ಕ ನನಗೆ ವಿವರಿಸಿದ್ದರು. ಒಳಗಿನವರು ಮೂರು ಪುಟದಲ್ಲಿ ಹೇಳಿದ್ದು ನನಗೆ ತಲೆಗೆ ಹತ್ತಿರಲಿಲ್ಲ, ಇದು ಹತ್ತಿತು.

ಎರಡು ವರ್ಷದ ಹಿಂದೆ ಗಂಟಕ್ಕನಿಗೆ ಹೊಸ ಮನೆ ಸಿಕ್ಕಿತು. ಅರವತ್ತು ಮನೆಗಳ ಕಟ್ಟಡ, ಮೂರನೆಯ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಒಂದನೆಯ ಸೇತುವೆ ಕಾಣುತ್ತದೆ. ಆಕೆಯ ಸಂಭ್ರಮ ಕೇಳಬೇಕೇ! "ಇಡೀ ಊರಲ್ಲಿ ಚೊಕ್ಕ ನೀರು ನೋಡ್ಕೊಂಡು ಕಾಫಿ ಕುಡಿಯೋಳು ನಾನೊಬ್ಬಳೇ" ಎಂದು ಆರು ತಿಂಗಳು ನಮ್ಮ ತಲೆ ತಿಂದರು.

ಈ ವರ್ಷ ಒಂದು ವಾರ ಒಂದನೆಯ ಸೇತುವೆಯ ತಟ್ಟೆಯಲ್ಲಿ ಬಯಲೇ ಬರಲಿಲ್ಲ. "ಬಾಟಲಿ ಅದಲುಬದಲಾಗಿರಬೇಕು" ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ಫಾರಂನಲ್ಲೇ ಒಂದನೆಯ ಸಾಲಿನ ಮುಂದೆ 'ಶುದ್ಧ ನೀರು' ಎಂದು ಅಚ್ಚಾಗಿದೆ. ಹತ್ತು ವರ್ಷದ ಹಿಂದೆ ಅದನ್ನು ಟೈಪು ಮಾಡಿದವನೂ ನಾನೇ. ಅಲ್ಲಿ ಕೆಟ್ಟ ಫಲಿತಾಂಶ ಬಂದರೆ ತಪ್ಪು ನೀರಿನದಲ್ಲ, ತಂದವರದು ಎಂದೇ ನಮ್ಮ ಲೆಕ್ಕ. 'ಮಾದರಿ ಅದಲುಬದಲು, ಪರಿಗಣಿಸಿಲ್ಲ' ಎಂದು ಟೈಪಿಸಿ ತಟ್ಟೆಯನ್ನು ಎಸೆದೆವು. ಮುಂದಿನ ವಾರವೂ ಹಾಗೇ ಆಯಿತು, ಅದರ ಮುಂದಿನ ವಾರವೂ.

ಮೂರನೆಯ ಸಲ ಹಾಗಾದಾಗ, ಪರೀಕ್ಷಾಲಯದ ಮುಖ್ಯಸ್ಥೆಯಾಗಿ ಹೊಸದಾಗಿ ಬಂದಿದ್ದ ಮೇಡಂ ಗಂಟಕ್ಕನನ್ನು ಕರೆದರು. ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆತ್ತಗೆ. "ಅಕ್ಕ, ನಿಮಗೂ ಸುಸ್ತಾಗಿರುತ್ತೆ. ಮುಂದಿನ ತಿಂಗಳಿಂದ ಒಳಗೆ ಬಾಟಲಿ ತೊಳೆಯೋ ಕೆಲಸ ನೋಡ್ಕೊಳ್ಳಿ, ನದಿಗೆ ಬೇರೆಯವರನ್ನ ಕಳಿಸೋಣ" ಎಂದರು.

ಗಂಟಕ್ಕ ನಗುವುದನ್ನು ಮರೆತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅದಲುಬದಲು ಅಂತ ಮೊದಲು ಹೇಳಿದ್ದು ಯಾರು?" ಎಂದು ಸುತ್ತ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ನಾನು ಟೈಪಿಂಗ್ ಯಂತ್ರದ ಮೇಲಿನ ಧೂಳು ಒರೆಸತೊಡಗಿದೆ. ಆಕೆ ಮೇಡಂ ಕಡೆಗೇ ತಿರುಗಿದರು. ನನಗೆ ಬೈದಿದ್ದರೆ ಚೆನ್ನಾಗಿತ್ತು.

"ಮೇಡಂ, ತೊಳೆಯೋಕೆ ನನಗೇನೂ ಬೇಜಾರಿಲ್ಲ" ಎಂದರು ಆಕೆ. "ಆದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಬೇಡಿ. ನಾಳೆ ನೀವೇ ಬನ್ನಿ. ನೀವೇ ಹಗ್ಗ ಹಿಡೀರಿ, ನೀವೇ ಗಂಟು ಹಾಕಿ. ಆಗ ಬಯಲು ಬಂದ್ರೆ ನಾನು ಬೂಟು ಬಿಚ್ಚಿಟ್ಟು ಒಳಗೆ ಬರ್ತೀನಿ."

ಮೇಡಂ ಹೋದರು. ತಾವೇ ಬಾಟಲಿ ತುಂಬಿಸಿದರು, ಕೈಯಲ್ಲೇ ಹಿಡಿದುಕೊಂಡು ಬಂದರು. ಮರುದಿನ ತಟ್ಟೆ ತೆಗೆದು ನೋಡಿದರೆ ಒಂದೇ ಒಂದು ಬಯಲಿಲ್ಲ. "ಅಕ್ಕ, ತಪ್ಪಾಯ್ತು" ಎಂದರು ಮೇಡಂ. ಗಂಟಕ್ಕ ಬೂಟು ಹಾಕಿಕೊಳ್ಳುತ್ತ, "ತಪ್ಪಿನ ಮಾತು ಆಮೇಲೆ. ನೀರು ಎಲ್ಲಿ ಕೆಡ್ತಿದೆ ನೋಡೋಣ ಬನ್ನಿ" ಎಂದರು. ನನ್ನ ಪಾಪ ನನ್ನನ್ನೂ ಹೊರಡಿಸಿತು.

ಸೇತುವೆಯಿಂದ ಮೇಲಕ್ಕೆ ಇನ್ನೂರು ಹೆಜ್ಜೆ. ಪೊದೆಯ ಹಿಂದೆ ಮಳೆನೀರಿನ ಕೊಳವೆಯೊಂದು ನದಿಗೆ ಬಾಯಿ ತೆರೆದಿತ್ತು. ಮಳೆಯಿಲ್ಲದ ದಿನವೂ ಅದರಲ್ಲಿ ನೀರು ಹರಿಯುತ್ತಿತ್ತು, ಮೇಲೆ ನೊರೆ. ಗಂಟಕ್ಕ ಬಗ್ಗಿ ಮೂಸಿದರು, ತಲೆಯೆತ್ತಿ ದಡದ ಮೇಲಿದ್ದ ಕಟ್ಟಡ ನೋಡಿದರು. ಬಾಲ್ಕನಿಯಲ್ಲಿ ಆಕೆಯದೇ ಬೆಡ್‌ಶೀಟು ಒಣಗುತ್ತಿತ್ತು.

"ಮೇಡಂ, ಆ ಹಸಿರು ಪುಡಿ ತಂದಿದೀರಾ?" ಎಂದರು.

ಯಾವ ಮೋರಿ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ನೀರಿಗೆ ಹಾಕುವ ಬಣ್ಣ ಅದು, ಅಪಾಯವಿಲ್ಲ. ಮೇಡಂ ಕೊಳವೆಯ ಬಾಯಲ್ಲಿ ನಿಂತರು. ನಾನು ಪುಡಿಯ ಪೊಟ್ಟಣ ಹಿಡಿದು ಗಂಟಕ್ಕನ ಹಿಂದೆ ಮೂರು ಮಹಡಿ ಹತ್ತಿದೆ. ಬಾಗಿಲು ತೆರೆದ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮ್ಮನೆ ಕಕ್ಕಸು ನೋಡೋಕೆ ಆಫೀಸಿಂದ ಬಂದಿದಾರಾ? ಮೊದಲೇ ಹೇಳಿದ್ರೆ ತೊಳೆದಿಡ್ತಿದ್ದೆ" ಎಂದರು. ಪುಡಿ ಹಾಕಿ ನೀರು ಬಿಟ್ಟೆವು. ನಾಲ್ಕು ನಿಮಿಷ ಕಳೆದಿರಬೇಕು, ಫೋನಿನಲ್ಲಿ ಮೇಡಂ ದನಿ ಬಂತು: "ಬಂತು ಅಕ್ಕ. ಪೂರ್ತಿ ಹಸಿರು."

ಕಟ್ಟಿದವರು ಅರವತ್ತು ಮನೆಯ ಹೊಲಸನ್ನು ದೊಡ್ಡ ಚರಂಡಿಗೆ ಸೇರಿಸದೆ, ಹತ್ತಿರವಾಯಿತೆಂದು ಮಳೆನೀರಿನ ಕೊಳವೆಗೆ ಬಿಟ್ಟಿದ್ದರು. ಮನೆಗಳೆಲ್ಲ ತುಂಬಿದ್ದು ಈ ವರ್ಷ, ಅದಕ್ಕೇ ತಟ್ಟೆಯಲ್ಲಿ ಈಗ ಕಂಡದ್ದು.

ಗಂಟಕ್ಕ ಬಚ್ಚಲ ಹೊಸ್ತಿಲ ಮೇಲೇ ಕುಳಿತುಬಿಟ್ಟರು. "ಅತ್ತೆ, ಹೋದ ವರ್ಷ ನಿಮಗೆ ಮೂತ್ರದ ಸೋಂಕಾಗಿ ಮೂರು ಥರ ಮಾತ್ರೆ ಕೊಟ್ರೂ ಬಗ್ಗಲಿಲ್ಲವಲ್ಲ. ಉಳಿದ ಮಾತ್ರೆ ಏನ್ ಮಾಡಿದ್ರಿ?"

"ಮಕ್ಕಳ ಕೈಗೆ ಸಿಗಬಾರದು ಅಂತ ಇಲ್ಲೇ ಹಾಕಿ ನೀರು ಬಿಟ್ಟೆ. ಅಕ್ಕಪಕ್ಕದ ಮನೆಯವರದ್ದೂ ತಂದು ಹಾಕ್ತೀನಿ, ಪಾಪ, ಅವರಿಗೆ ಗೊತ್ತಾಗಲ್ಲ."

ಗಂಟಕ್ಕ ಒಂದು ಗಳಿಗೆ ಅತ್ತೆಯ ಮುಖ ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೆ ನಿಲ್ಲಿಸಲಿಲ್ಲ. ಏನಾಯಿತೆಂದು ತಿಳಿಯದಿದ್ದರೂ ಅತ್ತೆಯೂ ನಕ್ಕರು. 

ಆಫೀಸಿಗೆ ಬಂದು ವರದಿಗೆ ಕುಳಿತೆವು. ಮೇಡಂ ಹೇಳಿದರು: "ಒಂದು ವಸತಿ ಕಟ್ಟಡದಿಂದ ಅಂತ ಹಾಕಿ ಸಾಕು. ಅಕ್ಕನ ಮನೆ ಅಂತ ಯಾರಿಗೂ ಗೊತ್ತಾಗೋದು ಬೇಡ."

"ಬಣ್ಣ ಹಾಕಿದ್ದು ಎಲ್ಲಿ ಮೇಡಂ?" ಎಂದರು ಗಂಟಕ್ಕ. "ಮನೆ ನಂಬರ್ ಹದಿನಾಲ್ಕು. ಅದನ್ನೇ ಬರೀಬೇಕು. ಎಲ್ಲಿಂದ ತಂದೆ ಅನ್ನೋದ್ರಲ್ಲಿ ಇಪ್ಪತ್ತೆರಡು ವರ್ಷ ಸುಳ್ಳು ಬರೆಸಿಲ್ಲ. ಈಗ ನನ್ನ ಮನೆ ಅಂತ ಸುಳ್ಳು ಬರೆಸ್ತೀನಾ? ಅಣ್ಣ, ಟೈಪ್ ಮಾಡಿ."

ಹದಿನಾಲ್ಕು ಎಂದು ಟೈಪು ಮಾಡಿದೆ. ಆಮೇಲೆ ಯಾರೂ ಹೇಳದೆಯೇ ಹಳೆಯ ಮೂರು ವರದಿ ತೆಗೆದು, 'ಅದಲುಬದಲು' ಇದ್ದಲ್ಲಿ 'ಮಾದರಿ ಸರಿಯಾಗಿತ್ತು, ತಪ್ಪು ಟೈಪು ಮಾಡಿದವನದು' ಎಂದು ಬರೆದು ಸಹಿ ಹಾಕಿದೆ.

ಕೊಳವೆಯನ್ನು ದೊಡ್ಡ ಚರಂಡಿಗೆ ತಿರುಗಿಸಲು ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಕಟ್ಟಡದ ಅಂಗಳ ಅಗೆದು ಹಾಕಿದ್ದರು. ಗಂಟಕ್ಕನ ಮೇಲೆ ಕೂಗಾಡಲು ಬಂದವರಿಗೆಲ್ಲ ಅತ್ತೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಉತ್ತರ ಕೊಟ್ಟರು. ಉಳಿದ ಮಾತ್ರೆಗಳನ್ನೆಲ್ಲ ಒಂದು ಡಬ್ಬದಲ್ಲಿ ಕೂಡಿಹಾಕಿ ಆಸ್ಪತ್ರೆಗೆ ಒಪ್ಪಿಸಿ ಬರುವ ಕೆಲಸವೂ ಈಗ ಅವರದೇ. ಮನೆಯ ಪಾತ್ರೆ ತೊಳೆಯುವುದು ಬಿಟ್ಟರೂ, ಮನೆಮನೆಗೆ ಹೋಗಿ ಆ ಡಬ್ಬಕ್ಕೆ ಮಾತ್ರೆ ಕೇಳುವುದು ಬಿಡುವುದಿಲ್ಲವಂತೆ.

ಹೋದ ವಾರ ಗಂಟಕ್ಕ ಒಂದನೆಯ ಸೇತುವೆಯ ತಟ್ಟೆ ತಂದು ನನಗೆ ತೋರಿಸಿದರು. ಮೂರು ಬಿಲ್ಲೆಯ ಸುತ್ತ ದುಂಡನೆಯ ಬಯಲು. ನಾಲ್ಕನೆಯದರ ಸುತ್ತ ಇನ್ನೂ ಇಲ್ಲ.

"ಅದು ನಮ್ಮತ್ತೆ ಥರ, ಅಷ್ಟು ಬೇಗ ಬಗ್ಗಲ್ಲ" ಎಂದರು.

ನನಗೆ ಖುಷಿ ತಡೆಯಲಾಗಲಿಲ್ಲ. ಹೊಸ ಫಾರಂ ಯಂತ್ರಕ್ಕೆ ಏರಿಸಿ, ಒಂದನೆಯ ಸಾಲಿನ ಮುಂದೆ 'ಶುದ್ಧ' ಎಂದು ಹೊಡೆಯಲು ಬೆರಳಿಟ್ಟೆ. ಗಂಟಕ್ಕ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದು ನಿಲ್ಲಿಸಿದರು.

"ಆ ಜಾಗ ಖಾಲಿ ಇರಲಿ ಅಣ್ಣ. ಪ್ರತಿ ವಾರ ನಾನು ಬಾಟಲಿ ತಂದ ಮೇಲೆ ತುಂಬಿಸಿ."