ನಮ್ಮ ನಿದ್ದೆ ಕದ್ದ ಸರ್

ಕಳೆದ ವಾರ ಮರಳಿ ಊರಿನ ನಮ್ಮ ಅಂಗನವಾಡಿಗೆ ಒಬ್ಬ ತಾಯಿ ಮಗುವಿನ ಎದೆಗೆ ನೆಗಡಿಗೆಂದು ಬಾಮ್ ಸವರಿ ಕಳಿಸಿದ್ದಳು. ಮಗುವನ್ನು ಎತ್ತಿಕೊಂಡೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ಇಷ್ಟು ವರ್ಷವಾದರೂ ಕಣ್ಣಿಗೆ ಆ ಭಯ ಹೋಗಿಲ್ಲ...

ಇರಕಲ್ಲಗಡದಲ್ಲಿ ನಾನು ಐದನೇ ತರಗತಿ ಓದುವಾಗ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೋಚಿಂಗ್ ಕೊಡುವ ಸರ್ ಒಬ್ಬರಿದ್ದರು. ಕೋಳಿ ಕೂಗುವ ಮೊದಲೇ ನಾವು ಅವರ ತಗಡಿನ ಶೆಡ್ಡಿನಲ್ಲಿರಬೇಕು. ಶಾಲೆ ಬಿಟ್ಟ ಮೇಲೆ ಮತ್ತೆ ಅಲ್ಲೇ. ಆಟಕ್ಕೆ ಹೋದವರು ಕೆಟ್ಟರೆಂದೇ ಲೆಕ್ಕ. ಯಾರಾದರೂ ತೂಕಡಿಸಿದರೆ ಕಿಸೆಯಿಂದ ಬಾಮ್ ಡಬ್ಬಿ ತೆಗೆದು, ಬೆರಳಿಗೆ ಚೂರು ಹಚ್ಚಿಕೊಂಡು, ನಮ್ಮ ಕಣ್ಣಿನ ಕೆಳಗೆ ಎಳೆಯುತ್ತಿದ್ದರು. ಮೆಲ್ಲಗೆ, ಕಾಡಿಗೆ ತೀಡುವ ಹಾಗೆ. ಹೊಡೆಯುತ್ತಿರಲಿಲ್ಲವಲ್ಲ, ಊರಿನಲ್ಲಿ ಭಾರಿ ಒಳ್ಳೆಯ ಹೆಸರಿತ್ತು.

ಪರೀಕ್ಷೆಯ ದಿನ ಬಾಯಿಪಾಠವಾಗಿದ್ದ ಮಗ್ಗಿ ಒಂದೂ ನೆನಪಾಗಲಿಲ್ಲ. ಪ್ರಶ್ನೆಪತ್ರಿಕೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ. ಫಲಿತಾಂಶ ಬಂದ ಮೇಲೆ ಸರ್ ಅಪ್ಪನನ್ನು ಕರೆಸಿದರು.

"ಈಕಿ ತೆಲಿಯಾಗ ಏನೂ ನಿಲ್ಲಂಗಿಲ್ಲಪಾ. ಸಾಲಿ ಬಿಡಿಸಿ ಕೆಲಸಕ್ಕ ಹಚ್ಚು."

ಅಪ್ಪ ನಂಬಿದ. ಎರಡು ವರ್ಷ ಕುಷ್ಟಗಿ ಕಡೆಯ ಬೀಜದ ಪ್ಲಾಟುಗಳಲ್ಲಿ ಹತ್ತಿಯ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರುವ ಕ್ರಾಸಿಂಗ್ ಕೆಲಸ ಮಾಡಿದೆ. ಅತ್ತೂ ಕರೆದೂ ಮತ್ತೆ ಶಾಲೆ ಸೇರಿದಾಗ ನನಗಿಂತ ಚಿಕ್ಕವರ ನಡುವೆ ಕೂತೆ. ದಡ್ಡಿ ಎಂಬ ಹೆಸರು ಹೋಗಲೇ ಇಲ್ಲ. ನಾನೂ ಅದನ್ನು ನಂಬಿಕೊಂಡಿದ್ದೆ.

ಅಂಗನವಾಡಿ ಕೆಲಸ ಸಿಕ್ಕಿ ತರಬೇತಿಗೆ ಹೋದಾಗ ಒಬ್ಬ ಮೇಡಂ ಹೇಳಿದರು: ಮಕ್ಕಳು ಕಲಿತದ್ದು ತಲೆಯಲ್ಲಿ ಊರುವುದು ನಿದ್ದೆಯಲ್ಲಿ, ನಿದ್ದೆ, ಆಟ, ಮಾತು ಇಲ್ಲದಿದ್ದರೆ ಮಿದುಳು ಸರಿಯಾಗಿ ಬೆಳೆಯುವುದಿಲ್ಲ. ಉಳಿದವರು ಬರೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಒಂದು ದಿನ ಎದುರಿಗೆ ಸಿಗಲಿ ಎಂದು ಹಲ್ಲು ಕಚ್ಚಿಕೊಂಡೆ.

ಸಿಕ್ಕರು. ಮರಳಿಯಲ್ಲಿದ್ದ ಮಗನ ಮನೆಗೆ ಬಂದು ನೆಲೆಸಿದ ಸರ್, ನಮ್ಮ ಅಂಗನವಾಡಿಗೇ ಮೊಮ್ಮಗಳನ್ನು ಕರೆತಂದರು. ಮಧ್ಯಾಹ್ನ ಮಲಗಿಸಬೇಡಿ, ಅಕ್ಷರ ತಿದ್ದಿಸಿ ಎಂದರು. ಆಗುವುದಿಲ್ಲ ಎಂದೆ. ನಾನು ಯಾರೆಂದೂ ಹೇಳಿದೆ. ಅವರ ಮುಖ ಅರಳಿತು.

"ನನ್ನ ಕೈಯಾಗ ಕಲ್ತಾಕೇನವಾ ನೀನು? ಅದಕ್ಕ ನೋಡು, ಟೀಚರ್ ಆಗೀದಿ."

ವರ್ಷಗಟ್ಟಲೆ ಕೂಡಿಟ್ಟ ಬೈಗುಳ ಬಿಟ್ಟು, ಮೊಮ್ಮಗಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದುಕೊಂಡೆ. ಇನ್ನೊಮ್ಮೆ ಬರಲಿ, ಬಿಡುವುದಿಲ್ಲ ಎಂದುಕೊಂಡೆ...

ಇನ್ನೊಮ್ಮೆ ಬರಲಿಲ್ಲ. ಹೋದ ತಿಂಗಳು ಎದೆನೋವು ಬಂದು ತೀರಿಕೊಂಡರು. ಮಧ್ಯಾಹ್ನ ನಾನು ಹೋದಾಗ ಅಂಗಳದಲ್ಲಿ ಹೆಣ ಎತ್ತುವ ಸಿದ್ಧತೆ ನಡೆದಿತ್ತು. ಒಳಗೆ ಮೊಮ್ಮಗಳು ಅಷ್ಟು ಗದ್ದಲದಲ್ಲೂ ನಿದ್ದೆಹೋಗಿದ್ದಳು. ಅವಳ ತಾಯಿ ಎಬ್ಬಿಸಲು ಬಗ್ಗಿದಳು.

"ಕಡೀ ಸಲ ಅಜ್ಜನ ಮಾರಿ ನೋಡ್ಲಿರಿ ಟೀಚರ್. ಈಕಿ ಮ್ಯಾಲ ಭಾಳ ಜೀವ ಇತ್ರಿ ಅವರಿಗೆ."

"ಮಲಗಿದ ಕೂಸನ್ನ ಎಬ್ಬಿಸಬಾರದವಾ," ಎಂದೆ.

ಟೀಚರ್ ಹೇಳಿದ ಮಾತು. ಅವಳು ಕೈ ಹಿಂದೆಗೆದಳು. ಸರ್ ಮೊಮ್ಮಗಳ ಕಣ್ಣಿಗೆ ಬೀಳದೆ ಹಾಗೇ ಹೋದರು. ಅದು ಮಗುವಿನ ಮೇಲಿನ ಕಾಳಜಿ ಎಂದು ಮನೆಯವರು ಇಂದಿಗೂ ತಿಳಿದಿದ್ದಾರೆ. ಅಲ್ಲ. ಸೇಡು. ನನಗೆ ಆ ಹೊತ್ತು ಹಾಯೆನಿಸಿತ್ತು.

ಈಗ ದಿನಾ ಅಂಗನವಾಡಿಯಲ್ಲಿ ಊಟವಾದ ಮೇಲೆ ಮೊಮ್ಮಗಳು ನನ್ನ ಮಗ್ಗುಲಲ್ಲೇ ಮಲಗುತ್ತಾಳೆ. ರೆಪ್ಪೆ ಭಾರವಾಗುವ ಮೊದಲು ಒಂದೇ ಪ್ರಶ್ನೆ.

"ಅಜ್ಜ ಯಾವಾಗ ಬರ್ತಾನ್ರಿ ಟೀಚರ್?"

ತಟ್ಟಿ ಮಲಗಿಸುತ್ತೇನೆ. ಅವರು ಬರಲಿ ಎಂದು ಅವಳ ಹಾಗೆಯೇ ನಾನೂ ಕಾಯುತ್ತೇನೆ. ಕೂಡಿಟ್ಟದ್ದನ್ನು ಅವರಿಗೆ ಹೇಳುವುದಿತ್ತು.